ಮಕ್ಕಳು ಬರೆದ ಚಿತ್ರ: ರದ್ದಿಗೋ, ಗೋಡೆಗೋ, ಟ್ರಂಕಿಗೋ?

ಪುಣೆ: ಯೆರವಡಾದ ಲಕ್ಷ್ಮೀನಗರ, ಜಯಪ್ರಕಾಶನಗರ, ನಾಗಪುರ ಚಾಳಿನ ಗಲ್ಲಿಗಳಲ್ಲಿ ಖೋಲಿ ಹಿಡಿದು ಸಂಸಾರ ಹೂಡಿದವರಿಗೆ ಗೋಡೆ ಎಂಬುದು ಬಲು ಬೆಲೆಯ ಸಾಮಾನು. ಒಂದು ಗೋಡೆಯನ್ನು ಪಾತ್ರೆ ಸ್ಟ್ಯಾಂಡೂ ಗ್ಯಾಸಿನ ಕಟ್ಟೆಯೂ ನುಂಗುತ್ತವೆ. ಇನ್ನೊಂದಕ್ಕೆ ಕಬ್ಬಿಣದ ಕಪಾಟು ಆತು ನಿಲ್ಲುತ್ತದೆ. ಮೂರನೆಯದರಲ್ಲಿ ದೇವರ ಫೋಟೋ, ಟಿ.ವಿ., ಹಾರ ಹಾಕಿದ ಹಿರಿಯರ ಭಾವಚಿತ್ರ. ನಾಲ್ಕನೆಯದು ಬಾಗಿಲಿಗೂ ಕಿಟಕಿಗೂ ಸರಿಹೋಗುತ್ತದೆ. ಇಂಥ ಮನೆಗೆ ಅಂಗನವಾಡಿಯಿಂದಲೋ ಕೆ.ಜಿ. ಕ್ಲಾಸಿನಿಂದಲೋ ನಾಲ್ಕೈದು ವರ್ಷದ ಕೂಸೊಂದು ಚಿತ್ರ ಹಿಡಿದು ಬರುತ್ತದೆ. ವಾರಕ್ಕೆ ಎರಡು ಎಂದು ಹಿಡಿದರೂ ವರ್ಷಕ್ಕೆ ನೂರು ಹಾಳೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಇನ್ನೂರು.

ಅವುಗಳ ಗತಿ ಬಹುತೇಕ ಮನೆಗಳಲ್ಲಿ ಒಂದೇ. ಮೊದಲ ದಿನ ಎಲ್ಲರ ಕೈಗೂ ಹೋಗಿ ಬರುತ್ತದೆ, ಎರಡನೆಯ ದಿನ ಕಪಾಟಿನ ಮೇಲೆ ಏರುತ್ತದೆ, ತಿಂಗಳ ಹೊತ್ತಿಗೆ ಗಾದಿಯ ಕೆಳಗೆ ಸೇರಿ ಸುಕ್ಕಾಗುತ್ತದೆ. ದೀಪಾವಳಿಯ ಸಾಫ್‌ಸಫಾಯಿಯ ದಿನ ಹಳೆಯ ಪೇಪರಿನ ಕಟ್ಟಿನೊಂದಿಗೆ ತಕ್ಕಡಿ ಏರುತ್ತದೆ. ಆಮೇಲೆ ಎಂದೋ ಒಂದು ಸಂಜೆ ಕೂಸು 'ಅವ್ವಾ, ನನ್ನ ಆನಿ ಎಲ್ಲಿ?' ಎಂದು ಕೇಳಿದಾಗ ಉತ್ತರಕ್ಕಾಗಿ ತಡಕಾಡಬೇಕಾಗುತ್ತದೆ.

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿಗಾಗಲಿ, ಉಡುಪಿ-ಮಂಗಳೂರಿನಿಂದ ಹೋಟೆಲು ಕೆಲಸಕ್ಕೆ ಬಂದು ನೆಲೆ ನಿಂತವರಿಗಾಗಲಿ ಈ ತೊಂದರೆ ತಪ್ಪಿದ್ದಲ್ಲ. ಪಕ್ಕದ ಕಲ್ಯಾಣಿನಗರ, ವಿಮಾನನಗರದ ಫ್ಲ್ಯಾಟುಗಳಲ್ಲಿರುವ ಕಂಪ್ಯೂಟರ್ ಕಂಪನಿಯ ಕನ್ನಡಿಗರಿಗೆ ಗೋಡೆಗಳೇನೋ ಧಾರಾಳವಾಗಿವೆ. ಆದರೆ ಅಲ್ಲಿ ಇಂಟೀರಿಯರ್‌ನವರು ಹಚ್ಚಿಕೊಟ್ಟ ಬಣ್ಣಕ್ಕೆ ಗಮ್‌ಟೇಪು ತಾಗಬಾರದು! ಬಾಡಿಗೆದಾರರಿಗಂತೂ ಮಹಾರಾಷ್ಟ್ರದಲ್ಲಿ ರೂಢಿಯಲ್ಲಿರುವ 11 ತಿಂಗಳ ಕರಾರು ಇದ್ದೇ ಇದೆ. ವರ್ಷ ತುಂಬುವ ಮೊದಲೇ ಟೆಂಪೋ ತರಿಸಿ ಸಾಮಾನು ಹೇರಬೇಕು. ಹೇರುವಾಗ ಮೊದಲು ಹಗುರಾಗುವುದು ಕಾಗದ. ಊರಲ್ಲಿ ಅಜ್ಜನ ಮನೆಯಿದ್ದರೆ ಅಟ್ಟವೂ ಇರುತ್ತದೆ, ನೆಲುವೂ ಇರುತ್ತದೆ. ಯಾವುದೋ ಮೂಲೆಯಲ್ಲಿ ಹಳೆಯದೆಲ್ಲ ತಾನಾಗಿಯೇ ಉಳಿದುಕೊಳ್ಳುತ್ತದೆ. ಪರಊರಿನ ಬಾಡಿಗೆ ಖೋಲಿಯಲ್ಲಿ ತಾನಾಗಿ ಉಳಿಯುವುದು ಯಾವುದೂ ಇಲ್ಲ. ಯಾರಾದರೂ ಕೂತು ಆರಿಸಿ ಇಟ್ಟರೆ ಮಾತ್ರ ಉಳಿದೀತು.

ಗೀಚು ಎಂದು ಬಿಸಾಡುವ ಮುನ್ನ

ಆರಿಸುವುದು ಎಂದೊಡನೆ ದೊಡ್ಡವರು ಮಾಡುವ ಕೆಲಸವೆಂದರೆ ಚಂದ ಕಂಡದ್ದನ್ನು ಇಟ್ಟು ಉಳಿದದ್ದನ್ನು ತೆಗೆಯುವುದು. ಶಾಲೆಯ ಬಾಯಿ ಬರೆದುಕೊಟ್ಟ ಗೆರೆಯೊಳಗೆ ಅಚ್ಚುಕಟ್ಟಾಗಿ ಬಣ್ಣ ತುಂಬಿದ ಮಾವಿನಹಣ್ಣು ಉಳಿಯುತ್ತದೆ, ಕೂಸು ತಾನೇ ಬರೆದ ಕೈಕಾಲು ಸೊಟ್ಟಗಿನ ಅಪ್ಪ ರದ್ದಿಗೆ ಹೋಗುತ್ತಾನೆ. ಆಗಬೇಕಾದದ್ದು ಇದರ ತಿರುಗುಮುರುಗು. ಅಚ್ಚಿನ ಮಾವಿನಹಣ್ಣು ಇಡೀ ಕ್ಲಾಸಿನ ಮಕ್ಕಳ ಮನೆಯಲ್ಲೂ ಇದೆ, ಸೊಟ್ಟ ಅಪ್ಪ ಈ ಮನೆಯಲ್ಲಿ ಮಾತ್ರ ಇದ್ದಾನೆ.

ಮಕ್ಕಳ ಚಿತ್ರಗಳನ್ನು ಅಭ್ಯಾಸ ಮಾಡಿದವರು ಅವುಗಳ ಬೆಳವಣಿಗೆಗೆ ಒಂದು ಕ್ರಮವಿರುವುದನ್ನು ಗುರುತಿಸಿದ್ದಾರೆ. ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಈ ಕುರಿತು ಬರೆದ ಪುಸ್ತಕ ಇಂದಿಗೂ ಚಿತ್ರಕಲಾ ಶಿಕ್ಷಕರಿಗೆ ಪರಿಚಿತ. ಒಂದೂವರೆ, ಎರಡು ವರ್ಷದ ಕೂಸು ಬರೀ ಗೀಚುತ್ತದೆ. ಕೈ ಆಡಿದಂತೆ ಗೆರೆ ಮೂಡುವುದೇ ಅದಕ್ಕೆ ಮೋಜು. ಮುಂದೆ ಗೆರೆ ದುಂಡಗೆ ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿಯುತ್ತದೆ. ಮೂರು-ನಾಲ್ಕರ ವಯಸ್ಸಿಗೆ ಆ ದುಂಡಕ್ಕೆ ಎರಡು ಕಣ್ಣು, ಕೆಳಗೆ ನೇರವಾಗಿ ಎರಡು ಕಾಲು ಬರುತ್ತವೆ. ಹೊಟ್ಟೆ ಇಲ್ಲ, ಕುತ್ತಿಗೆ ಇಲ್ಲ, ಗೊದಮೊಟ್ಟೆಯಂಥ ಮನುಷ್ಯ. ಜಗತ್ತಿನ ನಾನಾ ದೇಶಗಳ ಮಕ್ಕಳು ಈ ಗೊದಮೊಟ್ಟೆ ಮನುಷ್ಯನನ್ನು ಬರೆಯುತ್ತಾರೆ. ಐದಾರು ವರ್ಷಕ್ಕೆ ಹಾಳೆಯ ಬುಡದಲ್ಲಿ ಒಂದು ಗೆರೆ ಮೂಡಿ ಅದೇ ನೆಲವಾಗುತ್ತದೆ. ಮನೆ, ಗಿಡ, ಅವ್ವ, ನಾಯಿ ಎಲ್ಲ ಅದರ ಮೇಲೆ ಸಾಲಾಗಿ ನಿಲ್ಲುತ್ತವೆ. ಯಾರು ಮುಖ್ಯರೋ ಅವರು ದೊಡ್ಡವರು. ರಾತ್ರಿ ಪಾಳಿಗೆ ಹೋಗುವ ಅಪ್ಪ ಚಿಕ್ಕದಾಗಿ ಮೂಲೆಯಲ್ಲಿದ್ದರೆ ಯಾರೂ ಬೇಸರ ಪಡಬೇಕಾಗಿಲ್ಲ, ನಾಳೆ ಬರೆಯುವ ಹಾಳೆಯಲ್ಲಿ ಅವನೇ ಮನೆಗಿಂತ ಎತ್ತರವಾದಾನು.

ಹೀಗಾಗಿ ವರ್ಷದ ನೂರು ಹಾಳೆಗಳಲ್ಲಿ ಹತ್ತು-ಹನ್ನೆರಡನ್ನು ಇಟ್ಟರೆ ಧಾರಾಳವಾಯಿತು. ಮೊದಲ ಗೀಚು ಒಂದು, ಮೊದಲ ದುಂಡ ಒಂದು, ಮೊದಲ ಮನುಷ್ಯ ಒಂದು, ತನ್ನ ಹೆಸರನ್ನು ತಾನೇ ಬರೆದ ಮೊದಲ ಹಾಳೆ ಒಂದು. ಇಷ್ಟನ್ನು ಬಿಡಬಾರದು. ಉಳಿದದ್ದನ್ನು ಕೂಸನ್ನೇ ಎದುರಿಗೆ ಕೂರಿಸಿಕೊಂಡು ಆರಿಸಬೇಕು. 'ಇವುಗಳಲ್ಲಿ ಯಾವ ಮೂರು ಬೇಕು?' ಎಂದು ಕೇಳಿದರೆ ನಾಲ್ಕು ವರ್ಷದ ಮಗುವೂ ಬೆರಳು ತೋರಿಸುತ್ತದೆ. ಅದರ ಕಾರಣಗಳು ದೊಡ್ಡವರಿಗೆ ಅರ್ಥವಾಗಬೇಕೆಂದೇನೂ ಇಲ್ಲ.

ಮಣ್ಣೆತ್ತು ನೀರಿಗೆ ಹೋಗುತ್ತದೆ

ಮಗು ಮಾಡಿದ್ದನ್ನು ಬಿಸಾಡಿದರೆ ಪಾಪ ಎಂದುಕೊಳ್ಳುವವರೂ ಇದ್ದಾರೆ. ಅಂಥವರು ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನಪಿಸಿಕೊಳ್ಳಬಹುದು. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಎರೆಮಣ್ಣು ತಂದು ಮನೆಯ ಮಕ್ಕಳು ಎತ್ತು ಮಾಡುತ್ತಾರೆ. ಕೋಡು ಒಂದು ಉದ್ದ, ಒಂದು ಗಿಡ್ಡ. ಆದರೂ ಅದು ಜಗಲಿ ಏರುತ್ತದೆ, ದೇವರ ಪಕ್ಕದಲ್ಲಿ ಕೂರುತ್ತದೆ. ಮನೆಮಂದಿಯೆಲ್ಲ ಅದಕ್ಕೆ ಕೈಮುಗಿಯುತ್ತಾರೆ. ಮಗು ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ಪ್ರದರ್ಶನ ಇನ್ನೊಂದುಂಟೆ? ಪೂಜೆ ಮುಗಿದ ಮೇಲೆ ಅದೇ ಎತ್ತು ನೀರಿಗೆ ಹೋಗುತ್ತದೆ. ಯಾರೂ ಅಳುವುದಿಲ್ಲ. ಮುಂದಿನ ವರ್ಷ ಮತ್ತೆ ಮಣ್ಣು, ಮತ್ತೆ ಎತ್ತು. ಯೆರವಡಾದ ಕನ್ನಡದ ಮಕ್ಕಳಿಗಂತೂ ಶ್ರಾವಣ ಮುಗಿಯುವ ಹೊತ್ತಿಗೆ ಮಹಾರಾಷ್ಟ್ರದ ಪೋಳಾ ಬರುವುದರಿಂದ ಎತ್ತಿನ ಹಬ್ಬ ಎರಡು ಸಲ!

ಆ ಪದ್ಧತಿಯಲ್ಲಿ ಎರಡು ಮಾತುಗಳಿವೆ. ತೆಗೆಯುವ ಮುನ್ನ ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಇಡಬೇಕು. ತೆಗೆಯುವಾಗ ಕದ್ದುಮುಚ್ಚಿ ತೆಗೆಯಬಾರದು. ವಾರವೆಲ್ಲ ಗೋಡೆಯಲ್ಲಿದ್ದ ಚಿತ್ರವನ್ನು ಕೂಸಿನ ಎದುರಿಗೇ ಇಳಿಸಿ, ಹಿಂಭಾಗ ಖಾಲಿ ಇದ್ದರೆ ಅದರ ಮೇಲೇ ಇನ್ನೊಂದು ಬರೆಯಲು ಕೊಡಬಹುದು. ಹಬ್ಬದ ಉಡುಗೊರೆ ಸುತ್ತಲು ಬಳಸಬಹುದು, ಊರಿಗೆ ಹೋಗುವವರ ಕೈಯಲ್ಲಿ ಅಜ್ಜಿಗೆ ಕಳಿಸಬಹುದು. ಆಮೇಲೂ ಉಳಿದದ್ದು ರದ್ದಿಗೆ ಹೋಗಲಿ. ಪುಣೆಯಲ್ಲಿ ರದ್ದಿ ಕಾಗದ ಎಷ್ಟೋ ಮನೆಗಳ ಅನ್ನ. ಚಿಂದಿ ಆಯುವ ಹೆಣ್ಣುಮಕ್ಕಳು 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘಟನೆಯನ್ನು 1993ರಲ್ಲಿ ಕಟ್ಟಿಕೊಂಡದ್ದು ಇದೇ ಊರಿನಲ್ಲಿ. ಚಮಕಿ, ಥರ್ಮೋಕೋಲು ಅಂಟಿಸಿದ ಹಾಳೆಯನ್ನು ಮಾತ್ರ ಬೇರೆಯಾಗಿ ಕೊಡುವುದು ಒಳ್ಳೆಯದು, ಅದು ಕಾಗದದ ಲೆಕ್ಕಕ್ಕೆ ಬರುವುದಿಲ್ಲ.

ಮೂರು ಅಡಿ ಎತ್ತರದ ಪ್ರದರ್ಶನ

ಯೆರವಡಾದ ಹಲವು ವಸತಿಗಳಲ್ಲಿ 2009ರಿಂದೀಚೆಗೆ ಕೇಂದ್ರದ ನಗರಾಭಿವೃದ್ಧಿ ಯೋಜನೆಯಡಿ, ಮಹಿಳಾ ಮಿಲನ್ ಮೊದಲಾದ ಸಂಘಟನೆಗಳ ಸಹಕಾರದಿಂದ, ಹಳೆಯ ಗುಡಿಸಲಿದ್ದ ಜಾಗದಲ್ಲೇ ಪಕ್ಕಾ ಮನೆಗಳಾದವು. ಅವುಗಳ ಅಳತೆ 270 ಚದರ ಅಡಿ. ಪತ್ರಾ ಹೊದಿಸಿದ ಖೋಲಿಗೆ ಹೋಲಿಸಿದರೆ ಇದು ಅರಮನೆಯೇ ಸರಿ, ಆದರೆ ಚಿತ್ರಕ್ಕೆಂದು ಒಂದು ಗೋಡೆ ಬಿಡುವಷ್ಟು ಜಾಗ ಇಲ್ಲೂ ಇಲ್ಲ. ಹೀಗಿರುವಾಗ ಹುಡುಕಬೇಕಾದದ್ದು ಗೋಡೆಯನ್ನಲ್ಲ. ಮನೆಯಲ್ಲಿ ಈಗಾಗಲೇ ಇರುವ, ಯಾರೂ ಬಳಸದ ಮೈಗಳನ್ನು ಹುಡುಕಬೇಕು.

ಕಬ್ಬಿಣದ ಕಪಾಟಿನ ಪಕ್ಕದ ಮೈಗೆ ಅಯಸ್ಕಾಂತದ ಎರಡು ಬಿಲ್ಲೆ ಸಾಕು, ಮೊಳೆಯೂ ಬೇಡ, ಟೇಪೂ ಬೇಡ. ಬಾಗಿಲ ಹಿಂಬದಿ ಇನ್ನೊಂದು. ಅಟ್ಟದ ಅಂಚಿಗೆ ಸುತಳಿ ಎಳೆದು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಮೂರು ಚಿತ್ರ ನೇತುಹಾಕಿದರೆ ಗಾಳಿಗೆ ಅವು ಆಡುವುದೇ ಒಂದು ಅಂದ. ಆದರೆ ಅಷ್ಟು ಎತ್ತರದ ಪ್ರದರ್ಶನ ಬಂದುಹೋಗುವ ನೆಂಟರಿಗೆ. ಬರೆದ ಕೂಸಿಗೆ ಕಾಣಬೇಕಾದರೆ ನೆಲದಿಂದ ಮೂರು ಅಡಿ ಸಾಕು. ಒಲೆಯ ಹತ್ತಿರ ಬೇಡ. ಒಗ್ಗರಣೆಯ ಜಿಡ್ಡು ಕಾಗದಕ್ಕೆ ಹಿಡಿದರೆ ಬಿಡದು, ಬೆಂಕಿಯ ಭಯವೂ ಉಂಟು. ನೇರ ಬಿಸಿಲು ಬೀಳುವ ಕಿಟಕಿ ಎದುರಿಗೂ ಬೇಡ, ಸ್ಕೆಚ್ ಪೆನ್ನಿನ ಬಣ್ಣ ನೋಡುನೋಡುತ್ತಲೇ ಮಾಸುತ್ತದೆ.

ಇನ್ನೊಂದು ಸುಲಭದ ಹಾದಿ ಹಳೆಯ ಕ್ಯಾಲೆಂಡರು. ಸಹಕಾರಿ ಬ್ಯಾಂಕಿನವರೋ ಬಂಗಾರದ ಅಂಗಡಿಯವರೋ ಕೊಟ್ಟ, ತಿಂಗಳಿಗೊಂದು ಹಾಳೆಯಿರುವ ದಿನದರ್ಶಿಕೆ ಪ್ರತಿ ಮನೆಯಲ್ಲೂ ಇರುತ್ತದೆ. ವರ್ಷ ಮುಗಿದ ಮೇಲೆ ಅದನ್ನು ಎಸೆಯದೆ ಅದೇ ಮೊಳೆಗೆ ಹೊಸದರ ಹಿಂದೆ ತೂಗುಬಿಡಬೇಕು. ತಿಂಗಳಿಗೊಂದು ಚಿತ್ರವನ್ನು ಆಯಾ ತಿಂಗಳ ಹಾಳೆಯ ಹಿಂಬದಿಗೆ ಸಿಕ್ಕಿಸುತ್ತ ಹೋದರೆ ವರ್ಷದ ಕೊನೆಗೆ ಹನ್ನೆರಡು ಹಾಳೆಯ ಆಲ್ಬಮ್ ಸಿದ್ಧ. ಮನೆಯೊಡೆಯ ಹೊಸ ಮೊಳೆ ಹೊಡೆಯಲು ಬಿಡುವುದಿಲ್ಲ ಎಂಬ ತಕರಾರಿಗೂ ಜಾಗವಿಲ್ಲ.

ಮುಂಗಾರು ಎಂಬ ವೈರಿ

ಪುಣೆಯ ಮಳೆ ಮುಂಬಯಿಯಷ್ಟು ಆರ್ಭಟದ್ದಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಪತ್ರಾದ ಸಂದಿಯಿಂದ ಹನಿ ಇಳಿಯುತ್ತದೆ. ಖಡಕ್‌ವಾಸ್ಲಾದಿಂದ ನೀರು ಬಿಟ್ಟರೆ ಮುಳಾ-ಮುಠಾ ನದಿಯ ದಂಡೆಯ ತಗ್ಗು ಜಾಗಗಳಲ್ಲಿ ಜನ ನಿದ್ದೆಗೆಡುತ್ತಾರೆ. ಈ ನೀರೇ ಮುಂದೆ ಭೀಮೆಯನ್ನು ಸೇರಿ ಸೊಲ್ಲಾಪುರ ಹಾದು ಅಫಜಲಪುರ, ಗಾಣಗಾಪುರದ ಕಡೆಗೆ ಹರಿಯುತ್ತದೆ ಎಂಬುದು ಕಲಬುರಗಿ ಸೀಮೆಯವರಿಗೆ ಒಂದು ಬಗೆಯ ಸಮಾಧಾನ. ಅದಿರಲಿ, ಕಾಗದದ ಮಟ್ಟಿಗೆ ನೀರು ಯಾವ ಊರಿನದಾದರೂ ವೈರಿಯೇ.

ಚಿತ್ರಗಳನ್ನು ಮಡಿಸಬಾರದು. ಮಡಿಕೆಯಲ್ಲಿ ಪೋಸ್ಟರ್ ಕಲರ್ ಹೊಪ್ಪಳಿಕೆಯಾಗಿ ಉದುರುತ್ತದೆ. ಸೀರೆ ಅಂಗಡಿಯ ಚಪ್ಪಟೆ ರಟ್ಟಿನ ಡಬ್ಬಿ ಸಾಮಾನ್ಯ ಡ್ರಾಯಿಂಗ್ ಹಾಳೆಗೆ ಹೇಳಿ ಮಾಡಿಸಿದಂತಿರುತ್ತದೆ. ದೊಡ್ಡ ಚಾರ್ಟ್ ಪೇಪರನ್ನು ಬಟ್ಟೆ ಅಂಗಡಿಯ ತಾನಿನ ರಟ್ಟಿನ ಕೊಳವೆಗೆ ಸಡಿಲವಾಗಿ ಸುತ್ತಿಡಬಹುದು. ಮೇಣದ ಬಣ್ಣದ ಚಿತ್ರ ಎದುರಿನ ಹಾಳೆಗೆ ಬಣ್ಣ ಹತ್ತಿಸುತ್ತದೆ, ಆದ್ದರಿಂದ ಎರಡರ ನಡುವೆ ಒಂದು ಬಿಳಿ ಹಾಳೆ ಬೇಕು. ನ್ಯೂಸ್‌ಪೇಪರ್ ಇಡಬಾರದು, ಅದು ತಾನೂ ಹಳದಿಯಾಗಿ ಪಕ್ಕದ್ದನ್ನೂ ಹಳದಿ ಮಾಡುತ್ತದೆ. ಸೆಲ್ಲೋಟೇಪಿನ ಅಂಟು ಕೆಲ ವರ್ಷಗಳಲ್ಲಿ ಕಂದು ಕಲೆಯಾಗಿ ಕೂರುತ್ತದೆ, ಸ್ಟೇಪ್ಲರಿನ ಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತ ಎಂದು ನಂಬಿದವರು ಬಹಳ. ಮೇಣದ ಬಣ್ಣದ ಚಿತ್ರವನ್ನು ಬಿಸಿ ಯಂತ್ರಕ್ಕೆ ಕೊಟ್ಟರೆ ಬಣ್ಣ ಕರಗಿ ಹರಡುತ್ತದೆ. ಒಳಗೆ ತೇವವಿದ್ದರೆ ಅಲ್ಲೇ ಸಿಕ್ಕಿಕೊಂಡು ಬೂಷ್ಟು ಬರುತ್ತದೆ. ಒಮ್ಮೆ ಅಂಟಿದ ಮೇಲೆ ಬಿಡಿಸುವಂತಿಲ್ಲ. ಅದರ ಬದಲು ಫೈಲಿನ ಪಾರದರ್ಶಕ ಚೀಲವೇ ಮೇಲು. ಬೇಳೆ, ಅಕ್ಕಿ, ಶ್ಯಾವಿಗೆ ಅಂಟಿಸಿ ಮಾಡಿದ ಚಿತ್ರಗಳಿಗೆ ಇರುವೆ, ಜಿರಲೆ, ನುಸಿ ಕಾದು ಕೂತಿರುತ್ತವೆ. ಅವನ್ನು ವಾರ ನೋಡಿ, ಫೋಟೋ ತೆಗೆದು, ಬೀಳ್ಕೊಡುವುದೇ ಜಾಣತನ.

ಟ್ರಂಕನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲೆ ಇಟ್ಟರೆ ತೇವ ಏರದು. ಒಳಗೆ ಒಣಗಿದ ಬೇವಿನ ಸೊಪ್ಪು ಹಾಕುವ ಹಳೆಯ ರೂಢಿ ಚಿತ್ರಕ್ಕೂ ಸಲ್ಲುತ್ತದೆ. ನುಸಿಗುಳಿಗೆಯನ್ನು ಮಾತ್ರ ಮಕ್ಕಳ ಕೈಗೆ ಸಿಗುವಲ್ಲಿ ಇಡಬಾರದು. ದಸರೆ ಮುಗಿದು ಹವೆ ಒಣಗಿದ ಮೇಲೆ ಒಂದು ಭಾನುವಾರ ಎಲ್ಲವನ್ನೂ ಬಿಚ್ಚಿ, ರೇಷ್ಮೆ ಸೀರೆಗೆ ಹೇಗೋ ಹಾಗೆ, ನೆರಳಿನಲ್ಲಿ ಗಾಳಿಗೆ ಹರವಬೇಕು.

ಮೊಬೈಲಿನಲ್ಲಿ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದು ಈಗ ಎಲ್ಲರಿಗೂ ಬಂದಿದೆ. ಅಜ್ಜ ಅಲ್ಲಿಂದಲೇ ಹೆಬ್ಬೆರಳು ಎತ್ತಿ ತೋರಿಸುತ್ತಾರೆ, ಸಂತೋಷ. ಆದರೆ ಫೋನು ಬಿದ್ದು ಒಡೆದ ದಿನ ಅದರೊಳಗಿನ ಐನೂರು ಚಿತ್ರಗಳೂ ಅದರೊಂದಿಗೆ ಹೋಗುತ್ತವೆ. ಹತ್ತು ಹಾಳೆಯಾದರೂ ಕೈಗೆ ಸಿಗುವಂತೆ ಇರಬೇಕು.

ಬೆನ್ನಿನ ಮೇಲೆ ಕನ್ನಡ

ಇಷ್ಟೆಲ್ಲ ಜೋಪಾನ ಮಾಡಿಯೂ ಒಂದು ಕೆಲಸ ಬಿಟ್ಟರೆ ಹತ್ತು ವರ್ಷದ ಮೇಲೆ ಆ ಕಟ್ಟು ಯಾರದೋ ಕಾಗದದಂತೆ ಕಾಣುತ್ತದೆ. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಮಗುವಿನ ಹೆಸರು, ವಯಸ್ಸು, ತಾರೀಖು, ಆಗ ಇದ್ದ ಗಲ್ಲಿಯ ಹೆಸರು ಬರೆಯಬೇಕು. ಅದಕ್ಕಿಂತ ಮುಖ್ಯವಾಗಿ, ಚಿತ್ರದ ಬಗ್ಗೆ ಕೂಸು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯಬೇಕು. 'ಇದೇನು?' ಎಂದು ಕೇಳಿದರೆ ಮಗುವಿಗೆ ಪರೀಕ್ಷೆಯಂತಾಗುತ್ತದೆ. 'ಇದರಾಗ ಏನ್ ನಡದದ ಹೇಳು ತಮ್ಮಾ' ಎಂದರೆ ಕಥೆಯೇ ಬರುತ್ತದೆ. ದೊಡ್ಡವರ ಕಣ್ಣಿಗೆ ಕಪ್ಪು ಗೀಚಾಗಿ ಕಾಣುವುದು ಕೂಸಿನ ಬಾಯಲ್ಲಿ ಅಜ್ಜಿ ಊರಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಆಗಿರಬಹುದು. ಬರೆದಿಡದಿದ್ದರೆ ಮರುವರ್ಷ ಅದು ಬರೆದವರಿಗೇ ಮರೆತಿರುತ್ತದೆ.

ಆ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯುವುದಕ್ಕೆ ಯೆರವಡಾದಂಥ ಕಡೆ ಬೇರೆಯೇ ಬೆಲೆಯಿದೆ. ಪುಣೆ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ, ಕನ್ನಡ ಸಂಘದ ಡಾ. ಕಲ್ಮಾಡಿ ಶಾಮರಾವ್ ಶಾಲೆ ಎರಂಡವಣೆಯಲ್ಲಿದೆ. ಆದರೆ ನಗರದ ಈ ಬದಿಯ ಹೆಚ್ಚಿನ ಮಕ್ಕಳು ಹೋಗುವುದು ಹತ್ತಿರದ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಬರೆದದ್ದನ್ನು ನೋಡುವುದಿಲ್ಲ. ತಾನು ಬರೆದ ನವಿಲಿನ ಬೆನ್ನ ಮೇಲೆ ತನ್ನದೇ ಹೆಸರು, ತನ್ನದೇ ಮಾತು ಕನ್ನಡದಲ್ಲಿ ಕಂಡರೆ ಆ ಅಕ್ಷರಗಳ ಬಗ್ಗೆ ಕುತೂಹಲ ತಾನಾಗಿ ಹುಟ್ಟುತ್ತದೆ. ತಂದೆತಾಯಿಗೆ ಅಕ್ಷರ ಬಾರದಿದ್ದರೆ ಪಕ್ಕದ ಖೋಲಿಯ ಕಾಲೇಜು ಹುಡುಗಿಗೆ ಹೇಳಿ ಬರೆಸಬಹುದು. ಎರಡು ಸಾಲಿಗೆ ಯಾರೂ ಒಲ್ಲೆ ಎನ್ನರು.

ಹೆಸರು ಬರೆಸಿದ್ದರ ಬೆಲೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಚಿತ್ರ ಕಲಾವಿದೆ. ಹಿಟ್ಲರನ ಕಾಲದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಎಂಬಲ್ಲಿಗೆ 1942ರ ಡಿಸೆಂಬರ್‌ನಲ್ಲಿ ಅವರನ್ನೂ ಸಾಗಿಸಲಾಯಿತು. ಅಲ್ಲಿ ಸಿಕ್ಕಸಿಕ್ಕ ಕಾಗದದ ಮೇಲೆ ಅವರು ಮಕ್ಕಳಿಂದ ಚಿತ್ರ ಬರೆಸಿದರು, ಬರೆದವರು ಹೆಸರು ಹಾಕಲೇಬೇಕು ಎಂದು ಹಟ ಹಿಡಿದರು. 1944ರ ಅಕ್ಟೋಬರ್‌ನಲ್ಲಿ ಅವರನ್ನು ಆಶ್ವಿಟ್ಜ್‌ಗೆ ಒಯ್ದು ಕೊಂದರು. ಹೋಗುವ ಮುನ್ನ ಎರಡು ಸೂಟ್‌ಕೇಸಿನಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಯುದ್ಧ ಮುಗಿದ ಮೇಲೆ ಪ್ರಾಗ್ ನಗರವನ್ನು ಸೇರಿದವು, ಈಗ ಅಲ್ಲಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಆದರೆ ಅವರು ಯಾರೆಂದು ಗೊತ್ತಿದೆ.

ಯೆರವಡಾ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವ ಇಲ್ಲಿನ ಜೈಲಿನಿಂದ ಗಾಂಧೀಜಿ 1930ರಲ್ಲಿ ವಾರ ವಾರ ಆಶ್ರಮಕ್ಕೆ ಬರೆದ ಪತ್ರಗಳು 'ಯೆರವಡಾ ಮಂದಿರ'ದ ಹೆಸರಿನಲ್ಲಿ ಪುಸ್ತಕವಾದದ್ದೂ, ಪಡೆದವರು ಅವನ್ನು ಬಿಸಾಡದೆ ಇಟ್ಟುಕೊಂಡದ್ದರಿಂದ. ಅವರ ನಯೀ ತಾಲೀಮಿನ ಸೇವಾಗ್ರಾಮದಲ್ಲಿ 1944ರಿಂದ ಚಿತ್ರಕಲೆ ಕಲಿಸಿದ ದೇವಿಪ್ರಸಾದರು ಹಳ್ಳಿ ಮಕ್ಕಳ ಚಿತ್ರಗಳನ್ನು ಅಷ್ಟೇ ಆಸ್ಥೆಯಿಂದ ಕಾಪಿಟ್ಟವರು.

ಕಟ್ಟಡದ ಸೈಟಿನಿಂದ ಸೈಟಿಗೆ ಅಲೆಯುವ ಕುಟುಂಬಗಳ ಕಷ್ಟ ಮಾತ್ರ ಇದೆಲ್ಲಕ್ಕಿಂತ ಬೇರೆ. ಅಲ್ಲಿ ಗೋಡೆಯೇ ತಗಡಿನದು, ಅದೂ ಕೆಲಸ ಮುಗಿಯುವವರೆಗೆ. ಪುಣೆಯಲ್ಲಿ 1993ರಿಂದ ಕೆಲಸ ಮಾಡುತ್ತಿರುವ ಡೋರ್ ಸ್ಟೆಪ್ ಸ್ಕೂಲ್, ಸೈಟುಗಳಲ್ಲೇ ಶಿಶುಮಂದಿರ ನಡೆಸುವ ತಾರಾ ಮೊಬೈಲ್ ಕ್ರೆಶ್ ಮುಂತಾದ ಸಂಸ್ಥೆಗಳಿಂದಾಗಿ ಅಲ್ಲಿನ ಮಕ್ಕಳ ಕೈಗೂ ಬಣ್ಣದ ಕಡ್ಡಿ ಬಂದಿದೆ. ಆದರೆ ಬರೆದದ್ದನ್ನು ಎಲ್ಲಿಡುವುದು? ಇಂಥವರಿಗೆ ಒಂದು ಪ್ಲಾಸ್ಟಿಕ್ ಫೋಲ್ಡರ್, ಅದರೊಳಗೆ ಐದು ಹಾಳೆ, ಆಧಾರ್ ಕಾರ್ಡು, ಲಸಿಕೆಯ ಕಾರ್ಡು, ಜನ್ಮದಾಖಲೆಯ ಜೊತೆಗೇ. ಮನೆ ಬದಲಾಯಿಸುವಾಗ ಯಾವ ಚೀಲವನ್ನು ಟೆಂಪೋದವನ ಕೈಗೆ ಕೊಡದೆ ಅವ್ವ ತಾನೇ ಹೆಗಲಿಗೆ ಹಾಕಿಕೊಳ್ಳುತ್ತಾಳೋ ಆ ಚೀಲದಲ್ಲಿ.

ಖೋಲಿ ಹಿಡಿದವರೂ ಸಾಮಾನು ಹೇರುವ ದಿನ ಹೀಗೆಯೇ ಮಾಡಬಹುದು. ಸೀರೆಯ ಡಬ್ಬಿ ಟ್ರಂಕಿನಲ್ಲಿ ಹೋಗಲಿ. ಗೋಡೆಯಲ್ಲಿದ್ದ ಒಂದು ಚಿತ್ರವನ್ನು ಮಾತ್ರ ಕೊನೆಗೆ ಇಳಿಸಿ ಕೂಸಿನ ಕೈಗೇ ಕೊಡಬೇಕು. ಹೊಸ ಖೋಲಿಯಲ್ಲಿ ದೇವರ ಫೋಟೋ ಇಟ್ಟು ಹಾಲು ಉಕ್ಕಿಸಿದ ಮೇಲೆ, ಪಾತ್ರೆಯ ಗೋಣಿ ಬಿಚ್ಚುವ ಮೊದಲು, ಅದನ್ನು ಎಲ್ಲಿ ಹಚ್ಚಬೇಕೆಂದು ಆ ಕೂಸನ್ನೇ ಕೇಳಬೇಕು.